ನಮ್ಮ ಯಜಮಾನರೂ ಹನ್ನೊಂದನೇ ಕೊಕ್ಕರೆಯೂ

ನಮ್ಮೂರಿನ ಹಾಲಿನ ಸಂಘದ ಕಾರ್ಯದರ್ಶಿ ಕುರ್ಚಿಯಿಂದ ನಮ್ಮ ಯಜಮಾನರು ಇಳಿಯುತ್ತಿದ್ದಾರೆ. "ಅವರ ಬಗ್ಗೆ ಒಂದು ಪುಟ ಬರೆದುಕೊಡಿ ಟೀಚರ್, ಸಮಾರಂಭದಲ್ಲಿ ಓದುತ್ತೇವೆ" ಎಂದು ಸಂಘದವರು ಕೇಳಿದರು. ಜೀವಮಾನವಿಡೀ ಪ್ರೈಮರಿ ಶಾಲೆಯಲ್ಲಿ ಕನ್ನಡ ಹೇಳಿಕೊಟ್ಟವಳಿಗೆ ಒಂದು ಪುಟ ಯಾವ ಲೆಕ್ಕ? ಸರಳ ಸಜ್ಜನರು, ಸಮಯಪಾಲಕರು ಎಂದೆಲ್ಲ ಬರೆದುಕೊಟ್ಟೆ. ಸಮಯಪಾಲಕರು ಎಂದು ಬರೆಯುವಾಗ ನನಗೇ ನಗು ತಡೆಯಲಾಗಲಿಲ್ಲ. ಆ ಪುಟದಲ್ಲಿ ಹಿಡಿಸದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದನ್ನು ಬೇಕೆಂದೇ ನಡುವಿನಿಂದ ಶುರು ಮಾಡುತ್ತೇನೆ. ಅವರು ಓದಿ ಒದ್ದಾಡಲಿ.

ಹೆಸರು ಸುಬ್ರಮಣಿ. ಕ್ಯಾಸಂಬಳ್ಳಿ ರಸ್ತೆಯಲ್ಲಿ ನಮ್ಮ ಊರು. ಎರಡು ಸೀಮೆಹಸು, ಒಂದಿಷ್ಟು ರಾಗಿ ಹೊಲ, ಬೆಲೆ ಇದ್ದಾಗ ಹಣ್ಣಾಗದ, ಬೆಲೆ ಬಿದ್ದಾಗ ಬುಟ್ಟಿ ಬುಟ್ಟಿ ಹಣ್ಣಾಗುವ ಟೊಮೇಟೊ. ವಯಸ್ಸಿನಲ್ಲಿ ನಂದಿದುರ್ಗದ ಚಿನ್ನದ ಗಣಿಯಲ್ಲಿ ಫಿಟರ್ ಆಗಿದ್ದರು. ಗಣಿ ಮುಚ್ಚಿದ ಮೇಲೆ ಬಂಗಾರಪೇಟೆಯಲ್ಲಿ ರೈಲು ಹತ್ತಿ ವೈಟ್‌ಫೀಲ್ಡಿನ ಕಾರ್ಖಾನೆಗೆ ಹೋಗಿಬಂದರು. ಅದೂ ಮುಗಿದ ಮೇಲೆ ಹಸುಗಳ ಜೊತೆ ಕೂತರು. ಕುಡಿತವಿಲ್ಲ, ಇಸ್ಪೀಟಿಲ್ಲ, ಕೈ ಎತ್ತಿದವರಲ್ಲ. ಇರುವುದು ಒಂದೇ ಕಾಯಿಲೆ, ಯಾವುದನ್ನೂ ಅವರು ನಡುವಿನಿಂದ ಮುಟ್ಟುವುದಿಲ್ಲ.

ಮೂರು ದಿನ ಮದುವೆಗೆ ಹೋಗಿ ಬಂದರೆ ಮೂರು ದಿನದ ಪೇಪರನ್ನೂ ವರಸೆಯಾಗಿ ಓದಿ ಮುಗಿಸಿಯೇ ಇವತ್ತಿನದು ಬಿಡಿಸುತ್ತಾರೆ. ಹಾಗಾಗಿ ನಮ್ಮ ಮನೆಯಲ್ಲಿ ಬಂದ್ ಯಾವತ್ತು ಎಂಬುದು ಬಂದ್ ಮುಗಿದ ಮೇಲೆ ತಿಳಿಯುತ್ತದೆ. ಟೀವಿ ಧಾರಾವಾಹಿಯ ಮೊದಲ ಕಂತು ತಪ್ಪಿದರೆ ಆ ಧಾರಾವಾಹಿ ಅವರ ಪಾಲಿಗೆ ಸತ್ತಂತೆ. ಆದರೂ ಬೆನ್ನು ತಿರುಗಿಸಿ ಕೂತು "ಯಾರೇ ಅವ್ಳು ಅಳ್ತಿರೋದು?" ಎಂದು ಕೇಳುವುದು ಬಿಡುವುದಿಲ್ಲ. ಒಂದು ಸಲ ಹೊಟ್ಟೆನೋವೆಂದು ಬಂಗಾರಪೇಟೆಯ ಡಾಕ್ಟರ ಬಳಿ ಕರೆದುಕೊಂಡು ಹೋದೆ. ಎಲ್ಲಿ ನೋವು ಎಂದು ಕೇಳಿದ್ದಕ್ಕೆ ಎರಡನೇ ಕ್ಲಾಸಿನಲ್ಲಿ ಸೀಬೆಕಾಯಿ ತಿಂದದ್ದರಿಂದ ಶುರು ಮಾಡಿದರು. ಇವರು ಮಿಡ್ಲ್ ಸ್ಕೂಲಿಗೆ ಬರುವಷ್ಟರಲ್ಲಿ ಡಾಕ್ಟರು ಊಟಕ್ಕೆ ಎದ್ದುಹೋದರು.

ಅವರ ಬಳಿ ಒಂದು ಕತೆಯಿದೆ. ಅವರಪ್ಪ ಅಶ್ವತ್ಥಪ್ಪನವರು ಗಣಿಯೊಳಗೆ ಸಿಕ್ಕಿಕೊಂಡು ಬದುಕಿ ಬಂದ ಕತೆ. ಆಳದಲ್ಲಿ ಒತ್ತಡ ತಾಳದೆ ಬಂಡೆ ಸಿಡಿಯುವುದಕ್ಕೆ ಗಣಿಯವರು ಏರ್ ಬ್ಲಾಸ್ಟ್ ಅನ್ನುತ್ತಾರೆ. ಅಂಥದ್ದೊಂದು ಸಿಡಿದು ದಾರಿ ಮುಚ್ಚಿಹೋಯಿತು. ಐವತ್ತೆರಡನೇ ಲೆವೆಲ್‌ನಲ್ಲಿ, ದೀಪ ಆರಿದ ಕತ್ತಲಲ್ಲಿ ನಮ್ಮ ಮಾವ ಒಂದು ಹಗಲು ಒಂದು ರಾತ್ರಿ ಕೂತಿದ್ದರು. ಮೇಲಿನಿಂದ ಕೇಜ್‌ನಲ್ಲಿ, ಅಂದರೆ ಗಣಿಯ ಲಿಫ್ಟಿನಲ್ಲಿ, ಇಳಿದು ಬಂದವರು ಕಲ್ಲು ಸರಿಸಿ ಎತ್ತಿಕೊಂಡು ಹೋದರು. ಬೇರೆ ಯಾರಾದರೂ ಹೇಳಿದರೆ ಮೈ ಜುಮ್ಮೆನ್ನುವ ಕತೆ. ಇವರು ಹೇಳಿದರೆ ಅದು ಅಶ್ವತ್ಥಪ್ಪನವರ ತಾತ ಎತ್ತಿನ ಗಾಡಿ ಕಟ್ಟಿಕೊಂಡು ಊರು ಬಿಟ್ಟಲ್ಲಿಂದ ಶುರುವಾಗುತ್ತದೆ. ಎತ್ತುಗಳಲ್ಲಿ ಒಂದು ಮಾಸಲು, ಇನ್ನೊಂದು ಕರಿದು. ಅವುಗಳ ಸ್ವಭಾವ, ಅವುಗಳ ಕಾಯಿಲೆ, ಅವುಗಳನ್ನು ಮಾರಿದ ಸಂತೆ ಎಲ್ಲ ಆಗಬೇಕು. ಕೇಜ್ ಇಳಿಯುವ ಹೊತ್ತಿಗೆ ಕೇಳುತ್ತಿದ್ದವರು ಬಸ್ಸು ಹತ್ತಿರುತ್ತಾರೆ.

ನನ್ನನ್ನು ನೋಡಲು ಬಂದ ದಿನವೂ ಅದೇ ಕತೆ. ಉಪ್ಪಿಟ್ಟು ಆರಿ ಕಲ್ಲಾಯಿತು, ನಮ್ಮಪ್ಪ ಕೂತಲ್ಲೇ ಗೊರಕೆ ಹೊಡೆದರು. ಎಲ್ಲವನ್ನೂ ಬಿಚ್ಚಿ ಹೇಳುವ ಗಂಡಸು ಏನನ್ನೂ ಮುಚ್ಚಿಡಲಾರ ಎಂದು ನಾನು ಒಪ್ಪಿಕೊಂಡೆ. ಆ ಲೆಕ್ಕ ತಪ್ಪಾಗಲಿಲ್ಲ. ಕೇಳಲೇಬೇಕಾಗುತ್ತದೆ ಎಂಬುದನ್ನು ಮಾತ್ರ ಯೋಚಿಸಿರಲಿಲ್ಲ, ಅಷ್ಟೆ.

ಈ ಕಾಯಿಲೆ ಗಣಿಯಿಂದ ಬಂದದ್ದು. ಅಲ್ಲಿ ಲೆವೆಲ್‌ಗಳಿಗೆ ಮೇಲಿನಿಂದ ಕೆಳಕ್ಕೆ ನಂಬರು. ನಂಬರು ಬೆಳೆದಷ್ಟೂ ಆಳ, ಆಳ ಬೆಳೆದಷ್ಟೂ ಕುದಿಯುವ ಸೆಕೆ. ಹೊಸಬನನ್ನು ಮೊದಲ ದಿನವೇ ತಳಕ್ಕೆ ಇಳಿಸಿದರೆ ತಲೆ ಸುತ್ತಿ ಬೀಳುತ್ತಾನೆ ಎಂದು ಮೇಲಿನ ಲೆವೆಲ್‌ಗಳಲ್ಲಿ ಪಳಗಿಸಿ, ಒಂದೊಂದಾಗಿ ಕೆಳಗೆ ಕರೆದೊಯ್ಯುತ್ತಿದ್ದರಂತೆ. ಇವರನ್ನೂ ಹಾಗೆಯೇ ಪಳಗಿಸಿದರು. ಮೇಲಿನದನ್ನು ಬಿಟ್ಟು ಕೆಳಗಿನದಕ್ಕೆ ಹೋದವನು ಕೆಟ್ಟ ಎಂಬುದು ಆವತ್ತು ತಲೆಗೆ ಹೊಕ್ಕದ್ದು, ಗಣಿ ಮುಚ್ಚಿ ಇಷ್ಟು ವರ್ಷವಾದರೂ ಹೊರಗೆ ಬಂದಿಲ್ಲ.

ಇಂಥವರಿಗೆ ದೇವರು ಎಂಥ ಮಗಳನ್ನು ಕೊಡಬೇಕು? ಪ್ರಶ್ನೆ ಕೇಳಿದರೆ ಉತ್ತರವನ್ನಷ್ಟೇ ಹೇಳುವ ಮಗಳನ್ನು ಕೊಟ್ಟ. ಸಹನ ಒಬ್ಬಳೇ ನಮಗೆ. ರಾಬರ್ಟ್‌ಸನ್‌ಪೇಟೆಯ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ. ಮಾಲೂರು ಕಡೆಯ ಸುಧಾಕರ್ ಎಂಬ ಹುಡುಗನ ಜೊತೆ ನಿಶ್ಚಿತಾರ್ಥವಾಗಿತ್ತು. ಹುಡುಗ ನೋಡಲು ಲಕ್ಷಣ, ಮಾತಿನಲ್ಲಿ ಚುರುಕು, ಎಲ್ಲರನ್ನೂ ನಗಿಸುತ್ತಿದ್ದ. ಛತ್ರ ಗೊತ್ತಾಗಿತ್ತು, ಸೀರೆ ಬಂದಿತ್ತು. ಒಂದು ಸಾಯಂಕಾಲ ಇವಳು ಕೆಲಸದಿಂದ ಬಂದು ಚಪ್ಪಲಿ ಬಿಡುತ್ತಾ "ಈ ಮದುವೆ ಬೇಡ" ಎಂದಳು.

"ಯಾಕೆ? ಏನಾಯ್ತು? ಯಾವತ್ತಿಂದ? ಮೊದ್ಲಿಂದ ಯೇಳು" ಎಂದರು ಇವರು.

"ಮೊದಲಿಂದ ಹೇಳಕ್ಕಾಗಲ್ಲ. ಬೇಡ ಅಷ್ಟೆ."

"ಮೊದ್ಲಿಂದ ಯೇಳ್ದೆ ನಂಗೆಂಗೆ ಅರ್ಥ ಆಗ್ಬೇಕು?"

"ಅರ್ಥ ಆಗೋದು ಬೇಡ. ನನ್ನ ಮಾತು ನಂಬು ಸಾಕು."

ಅಷ್ಟೇ. ಅಪ್ಪ ಮಗಳು ಇಬ್ಬರ ಬಾಯಿಗೂ ಬೀಗ ಬಿತ್ತು. ಎಂಟು ತಿಂಗಳು ಒಂದೇ ಸೂರಿನ ಕೆಳಗೆ ನಾನು ಟೆಲಿಫೋನ್ ಆಫೀಸಿನ ಕೆಲಸ ಮಾಡಿದೆ. "ನಿನ್ ಮಗ್ಳಿಗೆ ಯೇಳು, ಗಾಡಿ ಪೆಟ್ರೋಲ್ ಖಾಲಿ ಐತೆ." "ಅಪ್ಪಂಗೆ ಹೇಳು, ಬಿಪಿ ಮಾತ್ರೆ ತಂದಿದೀನಿ." ಇಬ್ಬರೂ ಎದುರುಬದುರೇ ಕೂತಿರುತ್ತಿದ್ದರು. ಇವರು ಬಂಗಾರಪೇಟೆಗೆ ಹೋದಾಗಲೆಲ್ಲ ಮಗಳಿಗೆ ಇಷ್ಟವೆಂದು ಪಾನಿಪುರಿ ಕಟ್ಟಿಸಿಕೊಂಡು ಬಂದು ಅವಳ ಕೋಣೆಯ ಚಿಲಕಕ್ಕೆ ತೂಗುಹಾಕುತ್ತಿದ್ದರು. ಅವಳು ಮೆತ್ತಗಾದ ಪೂರಿಯನ್ನು ಒಂದೂ ಬಿಡದೆ ತಿನ್ನುತ್ತಿದ್ದಳು. ತಿಂದು, ಚೆನ್ನಾಗಿತ್ತು ಅಂತ ಹೇಳು ಎಂದು ನನಗೆ ಹೇಳುತ್ತಿದ್ದಳು. ನನ್ನ ಹೊಟ್ಟೆ ಉರಿದುಹೋಗುತ್ತಿತ್ತು.

ಅಂಥದ್ದರಲ್ಲಿ ಒಂದು ದಿನ ಅವಳು ರೈಲ್ವೆ ಗೇಟಿನ ಹತ್ತಿರ ಜಲ್ಲಿಯ ಮೇಲೆ ಸ್ಕೂಟರ್ ಜಾರಿ ಬಿದ್ದು ಕಾಲು ಮುರಿದುಕೊಂಡಳು. ಪ್ಲಾಸ್ಟರ್ ಹಾಕಿದರು, ನಡುಮನೆಯ ಮಂಚದ ಮೇಲೆ ಮಲಗಿಸಿದೆವು. ಅದೇ ವಾರ ಮಂಗಳೂರಿನ ಆಸ್ಪತ್ರೆಯೊಂದರಿಂದ ಒಳ್ಳೆಯ ಕೆಲಸದ ಕರೆ ಬಂತು. ಕಾಲು ವಾಸಿಯಾದ ಮೇಲೆ ಬಂದು ಸೇರಬಹುದು ಎಂದರು. ಮಾತಿಲ್ಲದೆ ಹೋದವಳು ಮಾತಿಲ್ಲದೆಯೇ ಉಳಿದುಬಿಡುತ್ತಾಳೆ. ಪ್ಲಾಸ್ಟರ್ ಬಿಚ್ಚುವುದರೊಳಗೆ ಈ ಇಬ್ಬರು ನೇರವಾಗಿ ಒಂದೇ ಒಂದು ಮಾತಾಡಲಿ ಎಂದು ಕಂಡಕಂಡ ದೇವರಿಗೆ ಹರಕೆ ಹೊತ್ತೆ.

ದೇವರು ಕೊಕ್ಕರೆಯನ್ನು ಕಳಿಸಿದ.

ಸಹನಳ ಜೊತೆ ಲ್ಯಾಬಿನಲ್ಲಿ ಕೆಲಸ ಮಾಡುವ ವನಿತಾ ಎಂಬ ಹುಡುಗಿ, ಹೊತ್ತು ಹೋಗಲಿ ಎಂದು ತನ್ನ ವೀಡಿಯೊ ಗೇಮಿನ ಪೆಟ್ಟಿಗೆಯನ್ನು ತಂದು ನಮ್ಮ ಟೀವಿಗೆ ಸಿಕ್ಕಿಸಿ, ಎರಡು ರಿಮೋಟು ಕೊಟ್ಟುಹೋದಳು. ಆಟದ ಹೆಸರು ಸಿಲ್ವರ್ ಹೆರನ್, ಅಂದರೆ ಬೆಳ್ಳಿ ಕೊಕ್ಕರೆ. ಇದೇನು ಹೊಸ ಆಟವಲ್ಲ, ಸಹನ ಹುಟ್ಟುವುದಕ್ಕೂ ಮುಂಚಿನಿಂದ ಬರುತ್ತಿದೆಯಂತೆ. ಒಂದಾದ ಮೇಲೊಂದು ಭಾಗ ತೆಗೆದು ಈಗ ಹನ್ನೊಂದಕ್ಕೆ ಬಂದು ನಿಂತಿದೆ. ಯಾವುದೋ ಕಣಿವೆಯಲ್ಲಿ ಯಾರಿಗೋ ಕಷ್ಟ, ಒಂದು ಕೊಕ್ಕರೆ ಬಂದು ದಾರಿ ತೋರಿಸುವುದು. ಹನ್ನೊಂದರಲ್ಲಿ ಒಂದು ಗವಿ ಬರುತ್ತದೆ, ಒಳಗೆಲ್ಲ ನೀರು, ಕಗ್ಗತ್ತಲು. ದೋಣಿಯಲ್ಲಿ ಒಬ್ಬರು ಹುಟ್ಟು ಹಾಕಬೇಕು, ಇನ್ನೊಬ್ಬರು ಲಾಟೀನು ಎತ್ತಿ ಹಿಡಿಯಬೇಕು. ಒಬ್ಬರೇ ಆದರೆ ದೋಣಿ ಬಂಡೆಗೆ ಬಡಿದು ಮುಳುಗುತ್ತದೆ.

ವನಿತಾ ನಾಲ್ಕು ಸಂಜೆ ಬಂದು ಲಾಟೀನು ಹಿಡಿದಳು. ಆಮೇಲೆ ಅವಳ ಶಿಫ್ಟು ಬದಲಾಗಿ ಬರಲಾಗಲಿಲ್ಲ. ಸಹನ ಗವಿಯ ಬಾಯಲ್ಲಿ ನಿಂತಳು. ನನ್ನನ್ನು ಕೂರಿಸಿ ನೋಡಿದಳು. ನಾನು ಲಾಟೀನನ್ನು ನೇರ ನೀರಿಗೆ ಹಾಕಿದೆ. ಆಗ ಅವಳು ಟೀವಿ ನೋಡುತ್ತಲೇ, ಬಾಗಿಲ ಬಳಿ ಹಗ್ಗ ಹೊಸೆಯುತ್ತಿದ್ದ ಅವರಪ್ಪನಿಗೆ ಕೇಳಿಸುವ ಹಾಗೆ ನನಗೆ ಹೇಳಿದಳು: "ಅಮ್ಮಾ, ಅಪ್ಪ ಬಂದು ಲಾಟೀನ್ ಹಿಡ್ಕೊಂಡ್ರೆ ಸಾಕು."

ನನ್ನ ಕಿವಿ ನೆಟ್ಟಗಾಯಿತು. ಎಂಟು ತಿಂಗಳಲ್ಲಿ ಮೊದಲ ಸಲ ಅಪ್ಪನನ್ನು ಏನನ್ನಾದರೂ ಕೇಳಿದ್ದಾಳೆ! ಹೋಗಿ ಕೂತರೆ ಮುಗಿಯಿತು. ಬೇರೆ ಯಾವ ಅಪ್ಪನಾದರೂ ಹಗ್ಗ ಬಿಸಾಕಿ ಓಡಿಹೋಗುತ್ತಿದ್ದ. ನಮ್ಮವರು ಹಗ್ಗದ ತುದಿಗೆ ಗಂಟು ಹಾಕಿ, ಯೋಚಿಸಿ, ನನಗೆ ಹೇಳಿದರು: "ಮೊದ್ಲು ಅತ್ತರಲ್ಲಿ ಏನಾಯ್ತು ಅಂತ ಗೊತ್ತಿಲ್ದೆ ಅನ್ನೊಂದುಕ್ಕೆ ಎಂಗ್ ಓಗೋದು?"

"ಹತ್ತಕ್ಕೂ ಹನ್ನೊಂದಕ್ಕೂ ಸಂಬಂಧ ಇಲ್ಲ ಅಂತ ಹೇಳಮ್ಮ" ಎಂದಳು ಸಹನ.

"ಸಂಬಂಧ ಇಲ್ದೆ ನಂಬರ್ ಆಕ್ತಾರಾ?" ಎಂದರು ಇವರು. ಎದ್ದು ಬುಷ್‌ಶರ್ಟು ಹಾಕಿಕೊಂಡು ಬಂಗಾರಪೇಟೆ ಬಸ್ಸು ಹತ್ತಿದರು.

ಸ್ಟೇಷನ್ ಹತ್ತಿರ ವೇಣು ಎಂಬ ಹುಡುಗನ ಮೊಬೈಲ್ ಅಂಗಡಿಯಿದೆ. ಅಲ್ಲಿ ನಡೆದದ್ದನ್ನು ಇವರೇ ಬಂದು, ಬಸ್ಸಿನಲ್ಲಿ ಸೀಟು ಸಿಕ್ಕಿದಲ್ಲಿಂದ ಶುರು ಮಾಡಿ, ನನಗೆ ಒಪ್ಪಿಸಿದರು. ವೇಣು ಪಾಪ ಒಳ್ಳೆಯ ಮಾತು ಹೇಳಿದ್ದ. "ಅಂಕಲ್, ಎಲ್ಲಿಂದ ಬೇಕಾದ್ರೂ ಶುರು ಮಾಡಿ. ಒಂದೊಂದ್ರಲ್ಲೂ ಬೇರೆ ಕತೆ, ಬೇರೆ ಜನ. ಕೊಕ್ಕರೆ ಒಂದೇ ಕಾಮನ್ನು."

"ಮತ್ತೆ ನಂಬರ್ ಯಾಕೆ ಆಕವ್ರೆ?"

"ಮಾರೋಕೆ ಅಂಕಲ್."

"ಅಂದ್ರೆ ನಿಂಗೆ ಗೊತ್ತಿಲ್ಲ ಅನ್ನು."

ಹುಡುಗ ಅಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ಚೆನ್ನಾಗಿತ್ತು. ಮುಚ್ಚಿಕೊಳ್ಳಲಿಲ್ಲ. ಏಳನೇ ಭಾಗ ಬಂದಮೇಲೆ ಸೊನ್ನೆ ಅಂತ ಒಂದು ಬಿಟ್ಟಿದ್ದಾರೆ, ಒಂದಕ್ಕಿಂತ ಮುಂಚೆ ಏನಾಯಿತು ಎಂಬುದು ಅದರಲ್ಲಿದೆ ಎಂದುಬಿಟ್ಟ. ಮೂರನೆಯದನ್ನು ಮತ್ತೆ ಹೊಸದಾಗಿ ಮಾಡಿದ್ದಾರೆ, ಹಳೆಯ ಮೂರು ಬೇರೆ ಹೊಸ ಮೂರು ಬೇರೆ ಎಂದೂ ಸೇರಿಸಿದ. ಇವರ ಮುಖ ಬಿಳಿಚಿಕೊಂಡಿರಬೇಕು. ಸಾಲದೆಂದು ಫೋನಿನಲ್ಲಿ ತೆಗೆದು ತೋರಿಸಿದನಂತೆ. ಇದನ್ನು ಎಲ್ಲಿಂದ ಶುರು ಮಾಡಬೇಕೆಂದು ದೇಶ ದೇಶದ ಜನ ವರ್ಷಗಟ್ಟಲೆ ಜಗಳವಾಡುತ್ತಿದ್ದಾರೆ. ಬಿಡುಗಡೆಯಾದ ವರಸೆಯಲ್ಲಿ ಆಡಬೇಕು ಎನ್ನುವವರದು ಒಂದು ಪಕ್ಷ, ಕತೆ ನಡೆದ ವರಸೆಯಲ್ಲಿ ಎನ್ನುವವರದು ಇನ್ನೊಂದು. ನಮ್ಮ ಯಜಮಾನರಂಥವರು ಲೋಕದಲ್ಲಿ ಇಷ್ಟೊಂದು ಜನ ಇದ್ದಾರೆಂದು ನನಗೆ ಗೊತ್ತಿರಲಿಲ್ಲ. ಅವರ ಹೆಂಡತಿಯರನ್ನು ನೆನೆದು ಕರುಳು ಚುರುಕ್ಕೆಂದಿತು.

ಎದುರಿನ ಟೀ ಅಂಗಡಿಯ ಆದಿನಾರಾಯಣನಿಗೂ ವಿಷಯ ಮುಟ್ಟಿತು. ಆತ ಜೀವಮಾನದಲ್ಲಿ ವೀಡಿಯೊ ಗೇಮ್ ಮುಟ್ಟಿದವನಲ್ಲ, ಆದ್ದರಿಂದ ಅಭಿಪ್ರಾಯ ಗಟ್ಟಿಯಾಗಿತ್ತು. "ಏಮಯ್ಯಾ ಸುಬ್ರಮಣಿ, ಲಾಸ್ಟ್‌ದು ಮೊದ್ಲು ಆಡು. ಚೆನ್ನಾಗಿದ್ರೆ ಮಿಕ್ಕಿದ್ದು ನೋಡ್ಕೋ. ಟೀ ಕುಡಿಯೋಕೆ ಮುಂಚೆ ಯಾರಾದ್ರೂ ಎಲೆ ಬೆಳೆಯೋಕೆ ಓಗ್ತಾರಾ?" ಎಂದ. ನನಗೆ ಆತನ ಮೇಲೆ ಮೊದಲ ಬಾರಿಗೆ ಗೌರವ ಬಂತು. ಇವರು ಮಾತ್ರ ಆತನಿಗೆ ಗಣಿಯ ಅನುಭವವಿಲ್ಲ ಎಂದು ತಳ್ಳಿಹಾಕಿದರು.

ಎರಡು ದಿನ ಅನ್ನ ಸೇರಲಿಲ್ಲ. ಮೂರನೇ ದಿನ ತೀರ್ಮಾನಕ್ಕೆ ಬಂದರು. "ಸೊನ್ನೆ ಅಂದ್ರೆ ನೆಲ ಕಣೇ. ಕೇಜ್ ಅತ್ತೋ ಜಾಗ. ಸೊನ್ನೆಯಿಂದ್ಲೇ ಶುರು ಮಾಡ್ಬೇಕು." ಆದರೆ ಸೊನ್ನೆ ಆಡಲು ಬೇರೆಯದೇ ಪೆಟ್ಟಿಗೆ ಬೇಕಂತೆ, ಅದು ಬಂಗಾರಪೇಟೆಯಲ್ಲಿ ಸಿಗಲಿಲ್ಲ. ಕೊನೆಗೆ ದೊಡ್ಡ ಮನಸ್ಸು ಮಾಡಿ ಒಂದಕ್ಕೆ ಒಪ್ಪಿಕೊಂಡರು. ಒಂದನೆಯದು ಎಷ್ಟು ಹಳೆಯದೆಂದರೆ ಸಹನ ಬಿಸಾಕಿದ್ದ ಒಡಕು ಗಾಜಿನ ಫೋನಿನಲ್ಲೇ ಆಡಬಹುದಿತ್ತು. ವೇಣು ಎರಡನೆಯದನ್ನೂ ಸೇರಿಸಿ ಹಾಕಿಕೊಟ್ಟ. ಬರೀ ಚೌಕ ಚೌಕ ಚುಕ್ಕಿಗಳು. ಕೊಕ್ಕರೆ ಯಾವುದು, ಮರ ಯಾವುದು ಎಂದು ನನಗೆ ಕೊನೆಯವರೆಗೂ ಗೊತ್ತಾಗಲಿಲ್ಲ.

ಆಡಿದ್ದು ಎಲ್ಲಿ? ಮಗಳ ಪಕ್ಕದಲ್ಲಿ ಕೂತಲ್ಲ. ದನದ ಕೊಟ್ಟಿಗೆಯಲ್ಲಿ, ಹಾಲಿನ ಕ್ಯಾನು ಬೋರಲು ಹಾಕಿ ಅದರ ಮೇಲೆ ಕೂತು. ಮೊದಲನೇ ಸೇತುವೆಯ ಮೇಲೆ ಒಂದು ಕಪ್ಪೆ ಹಾರಿ ಬಂದು ಇವರನ್ನು ನದಿಗೆ ಕೆಡವುತ್ತಿತ್ತು. ಕಪ್ಪೆ ಕೆಡವಿದಷ್ಟೂ ಇವರಿಗೆ ಹಟ ಏರಿತು. ಹಸುಗಳು ಕೂಗಿ ಕೂಗಿ ಸುಸ್ತಾದವು. ಸಂಘದ ಬಾಗಿಲಲ್ಲಿ ಜನ ಹಾಲು ಹಿಡಿದು ನಿಂತರೆ ಕಾರ್ಯದರ್ಶಿಗಳು ಕಪ್ಪೆಯ ಜೊತೆ ಸಭೆ ನಡೆಸುತ್ತಿದ್ದರು. ಇವರನ್ನೇ ನಾನು ಸಮಯಪಾಲಕರು ಎಂದು ಬರೆದದ್ದು.

ಒಳಗೆ ಸಹನ ಗವಿಯ ಬಾಯಿಯವರೆಗೆ ಆಡುತ್ತಿದ್ದಳು, ಅಲ್ಲಿಗೆ ಬಂದಮೇಲೆ ಹಿಂದಕ್ಕೆ ಹೋಗಿ ಮತ್ತೆ ಆಡುತ್ತಿದ್ದಳು. ಬೇರೆ ಆಟ ಹಾಕಿಕೊಳ್ಳೇ ಎಂದರೆ ಬೇಡಮ್ಮ ಎನ್ನುತ್ತಿದ್ದಳು. ಎರಡನೇ ರಿಮೋಟು ಮಂಚದ ಪಕ್ಕದ ಸ್ಟೂಲಿನ ಮೇಲಿರುತ್ತಿತ್ತು. ದಿನಾ ಬೆಳಿಗ್ಗೆ ಅದನ್ನು ದುಪಟ್ಟದ ತುದಿಯಿಂದ ಒರೆಸಿಡುತ್ತಿದ್ದಳು. ನನಗೆ ಅಳು ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು. ಸಿಟ್ಟೇ ಹೆಚ್ಚು.

ಮೂರು ವಾರ ಕಳೆದ ಮೇಲೆ ಒಂದು ಸಾಯಂಕಾಲ ಇವರು ಕೊಟ್ಟಿಗೆಯಿಂದ ಎದ್ದು ಬಂದರು. ಕಣ್ಣು ಕೆಂಪಗಿತ್ತು. "ಒಂದು ಮುಗೀತು. ಕೊನೇಗೆ ಕೊಕ್ಕರೆ ಆರೋಯ್ತು ಕಣೇ" ಎಂದರು, ನಡುಮನೆಗೆ ಕೇಳಿಸುವಷ್ಟು ಜೋರಾಗಿ. ಯಾರೋ ಹತ್ತಿರದವರು ಹೋದ ಹಾಗಿತ್ತು ಮುಖ.

"ಎರಡರಲ್ಲಿ ವಾಪಸ್ ಬರುತ್ತೆ ಅಂತ ಹೇಳಮ್ಮ" ಎಂದಳು ಸಹನ ಒಳಗಿಂದ. ಅವಳ ದನಿಯಲ್ಲಿ ನಗುವಿತ್ತು. ಇವರೂ ಮೀಸೆಯೊಳಗೆ ನಕ್ಕರು. ನಾನು ಸಾರಿನ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದೆ. ಈಗ ಹೋಗುತ್ತಾರೆ, ಈಗ ಹೋಗಿ ಕೂರುತ್ತಾರೆ! ಇವರು ಫೋನ್ ಚಾರ್ಜಿಗೆ ಹಾಕಿ, ಕೈಕಾಲು ತೊಳೆದು, ಊಟ ಮಾಡಿ, ಕೊಟ್ಟಿಗೆಗೆ ಹೋಗಿ ಎರಡನೆಯದನ್ನು ಶುರು ಮಾಡಿದರು. ಕರ್ಮ.

ಪ್ಲಾಸ್ಟರ್ ಬಿಚ್ಚಿದರು. ಸಹನ ಕೋಲು ಹಿಡಿದು ನಡೆದಳು, ಆಮೇಲೆ ಕೋಲು ಬಿಟ್ಟೂ ನಡೆದಳು. ಸೋಮವಾರ ಮಂಗಳೂರಿನಲ್ಲಿ ಕೆಲಸಕ್ಕೆ ಸೇರಬೇಕು, ಭಾನುವಾರ ಹೊರಡುವುದು ಎಂದಾಯಿತು. ಶನಿವಾರ ಮಧ್ಯಾಹ್ನ ಅವಳ ಬಟ್ಟೆಯನ್ನೆಲ್ಲ ಮಡಿಸಿ ಸೂಟ್‌ಕೇಸಿಗೆ ತುಂಬಿ ನಾನು ಕೊಟ್ಟಿಗೆಗೆ ಹೋದೆ. ಇವರು ಕ್ಯಾನಿನ ಮೇಲೆ ಕೂತಿದ್ದರು.

"ಅವಳು ನಾಳೆ ಹೋಗ್ತಾಳೆ ರೀ. ಇವತ್ತಾದ್ರೂ ಹೋಗಿ ಪಕ್ಕದಲ್ಲಿ ಕೂತ್ಕೊಳ್ಳಿ."

ಫೋನಿನಿಂದ ಕಣ್ಣು ತೆಗೆಯದೆ ಹೇಳಿದರು: "ಎರಡ್ರಲ್ಲಿ ಅರ್ಧಕ್ಕೆ ಬಂದಿದೀನಿ ಕಣೇ. ಅವ್ಳು ದೀಪಾವಳಿಗೋ ಯುಗಾದಿಗೋ ರಜಾ ಆಕ್ಕೊಂಡು ಬತ್ತಾಳಲ್ಲ, ಅಷ್ಟೊತ್ತಿಗೆ ಅನ್ನೊಂದುಕ್ಕೆ ಬಂದಿರ್ತೀನಿ."

ಪಿತ್ತ ನೆತ್ತಿಗೇರಿತು. ಮದುವೆಯಾದಾಗಿನಿಂದ ನಾನು ಅವರ ಹೆಸರು ಹಿಡಿದು ಕರೆದವಳಲ್ಲ. ಆವತ್ತು ಕರೆದೆ.

"ಲೇ ಸುಬ್ರಮಣಿ! ನಿಮ್ಮಪ್ಪ ಐವತ್ತೆರಡರಲ್ಲಿ ಕತ್ಲಲ್ಲಿ ಕೂತಿದ್ರಲ್ಲ, ಕೇಜ್‌ನೋರು ಎಂಗ್ ಬಂದ್ರು? ಒಂದನೇ ಲೆವೆಲ್‌ನಲ್ಲಿ ಇಳಿದು ಯಾರಾದ್ರೂ ಇದೀರಾ ಅಂತ ಕೇಳಿ, ಎರಡ್ರಲ್ಲಿ ಕೇಳಿ, ಮೂರ್ರಲ್ಲಿ ಕೇಳಿ ಬಂದ್ರಾ? ಅಂಗ್ ಬಂದಿದ್ರೆ ನಿಮ್ಮಪ್ಪನ ಎಣ ಸಿಗ್ತಿತ್ತು. ಆಳು ಎಲ್ಲವ್ನೋ ಅಲ್ಲಿಗೇ ನೆಟ್ಟಗೆ ಇಳಿದ್ರು. ಅದನ್ನ ನೀನೇ ನಂಗೆ ನೂರು ಸಲ ಯೇಳಿದೀಯ! ನಿನ್ ಮಗಳು ಅನ್ನೊಂದ್ರಲ್ಲಿ ಕೂತವ್ಳೆ ಕಣೋ. ಎರಡ್ರಲ್ಲಿ ನಿಂಗೇನ್ ಕೆಲಸ?"

ಮೂವತ್ತು ವರ್ಷ ಮಕ್ಕಳಿಗೆ ಹಕಾರ ತಿದ್ದಿದವಳ ಬಾಯಲ್ಲಿ ಒಂದು ಹಕಾರವೂ ಉಳಿದಿರಲಿಲ್ಲ. ಹಸುಗಳು ಮೆಲುಕು ಹಾಕುವುದನ್ನು ನಿಲ್ಲಿಸಿ ನೋಡಿದವು. ಫೋನಿನಲ್ಲಿ ಕಪ್ಪೆಯೋ ಹಾವೋ ಬಂದು ಇವರನ್ನು ಕೆಡವಿದ ಸದ್ದಾಯಿತು. ಇವರು ಎದ್ದು ನಿಂತು, ಕೂತಿದ್ದ ಕ್ಯಾನನ್ನೇ ಎತ್ತಿಕೊಂಡು ನಲ್ಲಿಯ ಹತ್ತಿರ ಹೋಗಿ ತೊಳೆಯಲು ಶುರು ಮಾಡಿದರು. ಅದು ತೊಳೆದಿಟ್ಟಿದ್ದ ಕ್ಯಾನು. ಅಯ್ಯೋ, ಇನ್ನು ನನ್ನ ಜೊತೆಗೂ ಮಾತು ಬಿಟ್ಟರಲ್ಲ ಎಂದು ನಾನು ಅಡುಗೆಮನೆಗೆ ಬಂದು ಕೂತೆ. ಅಲ್ಲಿಂದ ನಡುಮನೆಯ ಮಂಚವೂ ಟೀವಿಯೂ ಕಾಣುತ್ತವೆ.

ಸ್ವಲ್ಪ ಹೊತ್ತಿಗೆ ಇವರು ಪಂಚೆಗೆ ಕೈ ಒರೆಸಿಕೊಳ್ಳುತ್ತಾ ನಡುಮನೆಗೆ ಬಂದರು. ಮಂಚದ ಪಕ್ಕ ನೆಲದ ಮೇಲೆ ಕೂತು ಸ್ಟೂಲಿನ ಮೇಲಿದ್ದ ರಿಮೋಟನ್ನು ಎತ್ತಿಕೊಂಡರು, ತಲೆಕೆಳಗಾಗಿ. ಸಹನ ಅದನ್ನು ಅವರ ಕೈಯಲ್ಲಿ ಸರಿಯಾಗಿ ತಿರುಗಿಸಿ ಇಟ್ಟಳು. ಗವಿಯ ಬಾಯಿ ಬಂತು. ದೋಣಿ ಒಳಗೆ ಹೋಯಿತು.

"ಲಾಟೀನ್ ಎತ್ತಪ್ಪ."

ಅಪ್ಪ ಎಂದಳು, 'ಅಪ್ಪಂಗೆ ಹೇಳು' ಎನ್ನಲಿಲ್ಲ. ಇವರು ಬಾಯಿ ತೆರೆದರು. ಆ ಬಾಯಿ ನನಗೆ ಚೆನ್ನಾಗಿ ಗೊತ್ತು. ಈ ದೋಣಿ ಯಾರದು, ಈ ಗವಿಗೆ ಯಾಕೆ ಬಂದರು, ಮೊದಲಿಂದ ಯೇಳು ಎಂದು ಕೇಳಿಯೇ ಬಿಡುತ್ತಾರೆ ಎಂದು ಕಣ್ಣು ಮುಚ್ಚಿಕೊಂಡೆ.

"ಎಷ್ಟೆತ್ರಕ್ಕೆ?" ಎಂದು ಕೇಳಿದರು.

"ಇನ್ನೂ ಮೇಲೆ. ಹಾಂ, ಅಲ್ಲೇ ಇರಲಿ. ಕೈ ಅಲ್ಲಾಡಿಸ್ಬೇಡ."

ನಾನು ಸೆರಗಿನಿಂದ ಕಣ್ಣು ಒರೆಸಿಕೊಂಡೆ. ಈರುಳ್ಳಿ ಏನೂ ಹೆಚ್ಚುತ್ತಿರಲಿಲ್ಲ. ದೋಣಿ ಒಂದು ಸಲ ಮುಳುಗಿತು, ಇನ್ನೊಂದು ಸಲ ಮುಳುಗಿತು. ಮೂರನೆಯ ಸಲ ಅರ್ಧ ದಾರಿ ದಾಟಿತು. ಇವರು ರಿಮೋಟನ್ನು ತಲೆಗಿಂತ ಮೇಲಕ್ಕೆ ಎತ್ತಿ ಹಿಡಿದಿದ್ದರು. ಹಾಗೆ ಎತ್ತಬೇಕಾಗಿಲ್ಲ, ಗುಂಡಿ ಒತ್ತಿದರೆ ಸಾಕು ಎಂದು ಸಹನ ಹೇಳಲಿಲ್ಲ. ಹುಟ್ಟು ಹಾಕುತ್ತಾ, ಟೀವಿಯನ್ನೇ ನೋಡುತ್ತಾ, ಯಾವ ಪೀಠಿಕೆಯೂ ಇಲ್ಲದೆ ಹೇಳಿದಳು:

"ಅವನು ನಿನ್ನ ಆಡ್ಕೊಂಡಿದ್ದ ಅಪ್ಪ."

"ಯಾರು?"

"ಸುಧಾಕರ್. ಅವರಕ್ಕನ ಮನೆ ಗೃಹಪ್ರವೇಶದಲ್ಲಿ, ಎಲ್ಲರ ಮುಂದೆ. ನಿನ್ನ ಥರಾನೇ ಕೂತ್ಕೊಂಡು, ನಿನ್ನ ಥರಾನೇ ಮಾತಾಡಿ, ತಾತನ ಕತೆ ಹೇಳ್ದ. ಎಲ್ಲಾರೂ ಬಿದ್ದು ಬಿದ್ದು ನಕ್ಕರು. ನಾನು ಎದ್ದು ಬಂದ್ಬಿಟ್ಟೆ." ದೋಣಿ ಒಂದು ತಿರುವು ದಾಟಿತು. "ಇದನ್ನ ನಿನಗೆ ಹೆಂಗೆ ಹೇಳಲಿ? ಅದಕ್ಕೇ ಹೇಳಲಿಲ್ಲ."

ನನಗೆ ಮೈಯೆಲ್ಲ ಉರಿದುಹೋಯಿತು. ಆ ಸುಧಾಕರ್ ಎದುರಿಗಿದ್ದಿದ್ದರೆ ಸೌಟಿನಲ್ಲಿ ಇಕ್ಕುತ್ತಿದ್ದೆ. ಈ ಮನುಷ್ಯನನ್ನು ಆಡಿಕೊಳ್ಳಲು ನಾನಿದ್ದೇನೆ, ಅವನಪ್ಪನ ಗಂಟು ಏನು ಹೋಗಿತ್ತು? ಇವರ ಸಾರಿಗೆ ಉಪ್ಪು ಹಾಕಿದವಳು ನಾನು, ಇವರ ಎತ್ತಿನ ಗಾಡಿಯಲ್ಲಿ ಜೀವನವಿಡೀ ಕೂತವಳು ನಾನು. ಮದುವೆಗೆ ಮುಂಚೆಯೇ ಹೊರಗಿನವನೊಬ್ಬ ಬಂದು ನಮ್ಮ ಮಾವ ಕೂತ ಕತ್ತಲನ್ನು ನಗೆಗೆ ಇಡುತ್ತಾನೆಂದರೆ ಅವನ ನಾಲಿಗೆಗೆ ಹುಳ ಬೀಳಲಿ.

ಇವರು ರಿಮೋಟು ಎತ್ತಿದ ಕೈ ಇಳಿಸಲಿಲ್ಲ. ಹಾಗೇ ಕೇಳಿದರು:

"ಅವ್ನು ಎಲ್ಲಿಂದ ಶುರು ಮಾಡ್ದ?"

"ಏನು?"

"ಕತೇನ. ಎಲ್ಲಿಂದ ಶುರು ಮಾಡ್ದ?"

ಸಹನ ಯೋಚಿಸಿದಳು. "ಕೇಜ್ ಇಳಿಯುತ್ತಲ್ಲ, ಅಲ್ಲಿಂದ."

"ಅದ್ಕೇ ನಕ್ಕವ್ರೆ" ಎಂದರು ಇವರು. "ಅಲ್ಲಿಂದ ಶುರು ಮಾಡಿದ್ರೆ ಯಾರಿಗ್ ಏನ್ ಅರ್ಥ ಆಯ್ತದೆ? ಎತ್ತಿನ ಗಾಡೀನೇ ಬಿಟ್ಬಿಟ್ಟವ್ನೆ, ನನ್ಮಗ."

ಸಹನ ನಕ್ಕಳು. ನಗುತ್ತಾ ನಗುತ್ತಾ ಅತ್ತಳು. ದೋಣಿ ಬಂಡೆಗೆ ಬಡಿದು ಮುಳುಗಿತು, ಇಬ್ಬರೂ ನೋಡಲಿಲ್ಲ. ಇವರು ಲಾಟೀನಿನ ಕೈಯನ್ನು ಮೇಲೆಯೇ ಇಟ್ಟುಕೊಂಡು ಇನ್ನೊಂದು ಕೈಯಿಂದ ಮಗಳ ಮುರಿದಿದ್ದ ಕಾಲನ್ನು ಮೆಲ್ಲಗೆ ಸವರಿದರು. ಅವಳು ಮೂಗು ಒರೆಸಿಕೊಂಡು ಆಟವನ್ನು ಗವಿಯ ಬಾಯಿಗೆ ತಂದು ನಿಲ್ಲಿಸಿದಳು.

"ಹಂಗಾದ್ರೆ ಮೊದಲಿಂದ ಹೇಳಪ್ಪ. ದಾರಿ ಉದ್ದ ಇದೆ."

ಅಯ್ಯೋ ದೇವರೇ ಎಂದುಕೊಂಡು ನಾನು ಕಾಫಿಗೆ ಇಟ್ಟೆ. ಹಾಲು ಕರೆಯುವ ಹೊತ್ತಾಗುತ್ತಿತ್ತು, ಇವತ್ತೂ ಸಂಘದ ಬಾಗಿಲಲ್ಲಿ ಜನ ಬೈಯುತ್ತಾರೆ. ಬೈಯಲಿ.

"ನಮ್ಮಪ್ಪನ ತಾತ ಊರು ಬಿಟ್ಟಾಗ ಗಾಡೀಗೆ ಎರಡೆತ್ತು ಕಟ್ಟಿದ್ದ" ಎಂದು ಶುರು ಮಾಡಿದರು. "ಒಂದು ಮಾಸಲು, ಇನ್ನೊಂದು..."

"ಇನ್ನೊಂದು ಕರಿದು" ಎಂದೆ ನಾನು ಅಡುಗೆಮನೆಯಿಂದ.

"ನೀನು ಸುಮ್ನಿರಮ್ಮ" ಎಂದಳು ಸಹನ. "ಅಪ್ಪ ಹೇಳಲಿ."